ಬಲಗಡೆಯ ಭಾರ

ಪರದೆ ಅಕ್ಕನ ಗಂಡನಿಗೆ ಕಾರಿನ ವಿಷಯದಲ್ಲಿ ಗೊತ್ತಿಲ್ಲದ್ದು ಏನೂ ಇಲ್ಲ ಎಂಬುದನ್ನು ಅವನ ಬಳಗವೆಲ್ಲ ಒಪ್ಪಿಕೊಂಡಿತ್ತು. ಯಾರ ಕಾರು ಕೆಮ್ಮಿದರೂ ಸೀನಿದರೂ ಮೊದಲ ಫೋನು ಬರುತ್ತಿದ್ದದ್ದು ಅವನಿಗೆ. ಅವನು ಕಣ್ಣು ಅರ್ಧ ಮುಚ್ಚಿ, ಫೋನನ್ನು ಕಿವಿಗೆ ಒತ್ತಿಕೊಂಡು, "ಎಲ್ಲಿ, ಸದ್ದು ಕೇಳಿಸು" ಅನ್ನುತ್ತಿದ್ದ. ಆ ಕಡೆಯವರು ಇಂಜಿನ್ನಿನ ಹತ್ತಿರ ಫೋನು ಹಿಡಿಯುತ್ತಿದ್ದರು. ಸ್ವಲ್ಪ ಹೊತ್ತು ಕೇಳಿ, ನಿಟ್ಟುಸಿರು ಬಿಟ್ಟು, "ಗ್ಯಾರೇಜಿಗೆ ತಗೊಂಡ್ಹೋಗು" ಎಂದು ಹೇಳುತ್ತಿದ್ದ. ಅವನ ಈ ಸಲಹೆ ಒಮ್ಮೆಯೂ ತಪ್ಪಾಗಿರಲಿಲ್ಲ.

ಇಷ್ಟೆಲ್ಲ ಪಾಂಡಿತ್ಯ ಎಲ್ಲಿಂದ ಬಂತು ಅಂದರೆ, ಮದುವೆಗೆ ಮುಂಚೆ ಅವನು ಒಂದು ಕಾರಿನ ಶೋರೂಮಿನಲ್ಲಿ ಸ್ವಲ್ಪ ಕಾಲ ಬಿಲ್ಲು ಬರೆಯುವ ಕೆಲಸ ಮಾಡಿದ್ದ. ಕಾರುಗಳಿದ್ದ ಕಟ್ಟಡದಲ್ಲೇ, ಕಾರುಗಳು ಕಾಣದ ಹಿಂಬದಿಯ ಕೋಣೆಯಲ್ಲಿ. ಅಷ್ಟು ಸಾಕಾಗಿತ್ತು. ಈಗ ಅವನು ನಲ್ಲಿ ಪೈಪುಗಳ ಗೋದಾಮಿನಲ್ಲಿ ಮೇಲ್ವಿಚಾರಕ. ಪೈಪಿನ ಬಗ್ಗೆ ಮಾತ್ರ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಅವನ ಮನೆಯ ನಲ್ಲಿ ತೊಟ್ಟಿಕ್ಕಿದರೂ ಕೇಳುತ್ತಿರಲಿಲ್ಲ. ಅದನ್ನು ಹೆಂಡತಿ ಸ್ಪ್ಯಾನರ್ ಹಿಡಿದು ಬಿಗಿ ಮಾಡುತ್ತಿದ್ದಳು.

ಆ ಹೆಂಡತಿಯೇ ಪರದೆ ಅಕ್ಕ. ಊರೇ ಇಟ್ಟ ಹೆಸರು. ಜನರ ಮನೆಗೆ ಹೋಗಿ ಕಿಟಕಿ ಅಳೆದು, ಬಟ್ಟೆ ಕತ್ತರಿಸಿ, ನೆರಿಗೆ ಹಿಡಿದು ಹೊಲಿದು, ಕೊನೆಗೆ ತಾನೇ ಏಣಿ ಹತ್ತಿ ಸರಳು ಕೂರಿಸಿ ಪರದೆ ನೇತುಹಾಕಿ ಬರುವುದು ಅವಳ ಕೆಲಸ. ಹೊಲಿಗೆಯ ಯಂತ್ರ ಇದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಇಸ್ತ್ರಿಗೆ ಕಾದ ಬಟ್ಟೆಯ ರಾಶಿ, ನೆಂಟರು ಬಂದರೆ ಬಿಚ್ಚುವ ಮಡಿಸುವ ಮಂಚ, ಗಂಡ ತೂಕ ಇಳಿಸಲೆಂದು ತಂದು ಒಂದು ವಾರ ತುಳಿದ ಸೈಕಲ್ಲು, ಇವುಗಳ ನಡುವೆ ಯಂತ್ರಕ್ಕೂ ಅವಳಿಗೂ ಜಾಗ ಸಿಕ್ಕಿತ್ತು. ಮನೆಯಲ್ಲಿ ಅವಳ ಕೆಲಸಕ್ಕೆ "ಟೈಂಪಾಸ್" ಎಂದು ಹೆಸರು. ಆ ಟೈಂಪಾಸಿನಿಂದಲೇ ಮಗಳ ಹಾಸ್ಟೆಲಿನ ಖರ್ಚು ನಡೆಯುತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವುದು ಮರ್ಯಾದೆಯಲ್ಲ ಎಂದು ಎಲ್ಲರೂ ಸುಮ್ಮನಿದ್ದರು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ಉಳಿದವರು ಗಂಡ, ಅತ್ತೆ, ಇವಳು.

ಇನ್ನು ಕಾರು. ಅದನ್ನು ಗಂಡ ತನ್ನ ಗೆಳೆಯನಿಂದ ಕೊಂಡಿದ್ದ. "ಕಣ್ಣು ಮುಚ್ಚಿಕೊಂಡು ತಗೋಬಹುದು" ಎಂದು ಗೆಳೆಯ ಹೇಳಿದ್ದ, ಇವನು ಹಾಗೆಯೇ ತಗೊಂಡಿದ್ದ. ಗೋದಾಮಿಗೆ ಅವನು ಹೋಗುತ್ತಿದ್ದದ್ದು ಕಂಪನಿಯ ಬಸ್ಸಿನಲ್ಲಿ. ಭಾನುವಾರ ಮಾತ್ರ ಕಾರು ತೊಳೆಸಿ, ಹಿಂದೆ ಅಮ್ಮನನ್ನೂ ಪಕ್ಕದಲ್ಲಿ ಹೆಂಡತಿಯನ್ನೂ ಕೂರಿಸಿಕೊಂಡು, ಊರಿನ ಆಚೆ ತುದಿಯಲ್ಲಿದ್ದ ತನ್ನ ಅಕ್ಕನ ಮನೆಗೆ ಓಡಿಸುತ್ತಿದ್ದ. ಮಿಕ್ಕ ದಿನಗಳಲ್ಲಿ ಮಾರುಕಟ್ಟೆ, ಗ್ಯಾಸ್ ಸಿಲಿಂಡರು, ಅತ್ತೆಯ ಕಣ್ಣಿನ ಡಾಕ್ಟರು, ಕಾರಿನ ಮಾಡಿನ ಮೇಲೆ ಕಟ್ಟಿದ ಏಣಿ, ಹಿಂದಿನ ಸೀಟಿನ ತುಂಬ ಪರದೆಯ ಗಂಟುಗಳು, ಎಲ್ಲ ಅವಳದು. ಕಾರು ಗಂಡನದು, ಓಡಾಟ ಹೆಂಡತಿಯದು.

ಕಾರು ಎಡಕ್ಕೆ ಎಳೆಯುತ್ತಿದೆ ಎಂದು ಅವಳಿಗೆ ಮೊದಲು ಗೊತ್ತಾದದ್ದು ಸೇತುವೆಯ ಮೇಲೆ. ನೇರ ರಸ್ತೆ. ಸ್ಟೀರಿಂಗ್ ಹಿಡಿದ ಕೈ ಸ್ವಲ್ಪ ಸಡಿಲವಾಗಿದ್ದೇ ತಡ, ಕಾರು ಕಟಕಟೆಯ ಕಡೆಗೆ ಸರಿಯಿತು. ಜಾತ್ರೆಯಲ್ಲೋ ಸಂತೆಯಲ್ಲೋ ಕೈಹಿಡಿದ ಮಗು ಆಟಿಕೆಯ ಅಂಗಡಿ ಕಂಡು ಎಳೆಯುವ ಹಾಗೆ. ಅವಳು ಬಲಕ್ಕೆ ತಂದಳು. ಮತ್ತೆ ಎಡಕ್ಕೆ ಹೋಯಿತು. ಮನೆ ಸೇರುವ ಹೊತ್ತಿಗೆ ಬಲಗೈಯ ರಟ್ಟೆ ಬಿಗಿದುಕೊಂಡಿತ್ತು.

"ರೀ, ಕಾರು ಎಡಕ್ಕೆ ಎಳೀತಿದೆ."

ಗಂಡ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಕಾರು ಎಳೆಯಲ್ಲ. ರಸ್ತೆ ಎಳೆಯುತ್ತೆ. ನೀರು ನಿಲ್ಲಬಾರದು ಅಂತ ರಸ್ತೆನ ಅಂಚಿಗೆ ಇಳಿಜಾರು ಮಾಡಿರ್ತಾರೆ. ಅದಕ್ಕೆ."

"ಸೇತುವೆ ಮೇಲೂನಾ?"

"ಸೇತುವೆ ಮೇಲೆ ಗಾಳಿ."

ಮಾರನೆಯ ದಿನ ಅವನು ತಾನೇ ಪರೀಕ್ಷೆ ಮಾಡುತ್ತೇನೆಂದು ಕೀಲಿ ಇಸಿದುಕೊಂಡ. ಗೇಟಿನಿಂದ ಬೀದಿಯ ತುದಿಯವರೆಗೆ ಓಡಿಸಿದ, ವಾಪಸ್ ಬಂದ. ಆ ಬೀದಿಯಲ್ಲಿ ಒಂದು ಸಲ ಉಸಿರು ಎಳೆದು ಬಿಡುವಷ್ಟರಲ್ಲಿ ತುದಿ ಬರುತ್ತದೆ. "ಬೆಣ್ಣೆ" ಎಂದ. "ಬೆಣ್ಣೆ ಥರ ಹೋಗುತ್ತೆ. ನೀನು ಸ್ಟೀರಿಂಗ್‌ನ ಹೊಲಿಗೆ ಮಿಷನ್ನಿನ ಚಕ್ರ ಅಂದ್ಕೊಂಡಿದ್ದೀಯ."

ಅವಳು ಪೆಟ್ರೋಲ್ ಬಂಕಿನಲ್ಲಿ ಗಾಳಿ ನೋಡಿಸಿದಳು. ನಾಲ್ಕೂ ಚಕ್ರಕ್ಕೆ ಸರಿಯಾಗಿತ್ತು. ಗ್ಯಾರೇಜಿಗೆ ಬಿಡೋಣವೇ ಎಂದು ಕೇಳಿದ್ದಕ್ಕೆ ಗಂಡನ ಮುಖ ಸಣ್ಣದಾಯಿತು. ಕಾರು ಗ್ಯಾರೇಜಿಗೆ ಹೋದರೆ ಅದರಲ್ಲಿ ದೋಷವಿದೆ ಎಂದಾಗುತ್ತದೆ. ದೋಷವಿದ್ದರೆ ಗೆಳೆಯ ಟೋಪಿ ಹಾಕಿದ ಎಂದಾಗುತ್ತದೆ. ಟೋಪಿ ಹಾಕಿಸಿಕೊಂಡವನಿಗೆ ನಾಳೆಯಿಂದ ಯಾರು ಫೋನಿನಲ್ಲಿ ಇಂಜಿನ್ನಿನ ಸದ್ದು ಕೇಳಿಸುತ್ತಾರೆ? ಹೀಗೆ ಒಂದು ಮನೆತನದ ಮಾನ ಎಡಗಡೆಯ ಒಂದು ಚಕ್ರದ ಮೇಲೆ ನಿಂತಿತ್ತು. ಅದನ್ನು ಬೀಳದಂತೆ ಹಿಡಿದುಕೊಂಡದ್ದು ಪರದೆ ಅಕ್ಕನ ಬಲಗೈ.

ಆದರೂ ಅವಳು ಬಿಡದೆ ಹೇಳುತ್ತಲೇ ಇದ್ದುದರಿಂದ ಗಂಡ ಕೊನೆಗೆ ಈ ವಿಷಯಕ್ಕೆ ತಲೆ ಕೊಟ್ಟ. ತಲೆ ಕೊಟ್ಟದ್ದರಿಂದ ಒಂದು ಸಿದ್ಧಾಂತ ಹುಟ್ಟಿತು.

"ತೂಕ" ಎಂದ ಒಂದು ಬೆಳಗ್ಗೆ, ಹಲ್ಲುಜ್ಜುತ್ತಾ ಬಚ್ಚಲಿನಿಂದಲೇ. "ನಿನ್ನ ಪರದೆ ಗಂಟೆಲ್ಲ ಎಡಗಡೆ ಹಾಕ್ತೀಯಲ್ಲ, ಅದಕ್ಕೇ ಕಾರು ಆ ಕಡೆ ವಾಲೋದು."

ಗಂಟುಗಳನ್ನು ಬಲಕ್ಕೆ ಹಾಕಿದಳು. ಕಾರು ಎಡಕ್ಕೇ ಎಳೆಯಿತು.

"ಬಟ್ಟೆ ಹಗುರ. ನೀನೂ ಹಗುರ." ಗಂಡ ಕೋಣೆಯೊಳಗೆ ಕಣ್ಣು ಹಾಯಿಸಿದ. ಅವನ ದೃಷ್ಟಿ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ ತಾಯಿಯ ಮೇಲೆ ನಿಂತಿತು. ಆಕೆ ತುಂಬು ಮೈಯ ಹೆಂಗಸು. "ಅಮ್ಮನ್ನ ಹಿಂದೆ ಬಲಗಡೆ ಕೂರಿಸ್ಕೊಂಡು ಓಡಿಸು, ನೋಡು."

"ಏನೋ ಅಂದೆ?" ಅತ್ತೆಯ ಕೈಯಲ್ಲಿದ್ದ ಬಟಾಣಿ ನಿಂತಿತು. "ನಾನೇನು ಮರಳಿನ ಮೂಟೆನೇನೋ?"

"ಹಾಗಲ್ಲಮ್ಮ. ಇದು ವಿಜ್ಞಾನ."

"ನಿನ್ನ ಹೊಟ್ಟೇಲಿ ಹೊತ್ತಿದ್ದೆ, ನನ್ನನ್ನ ತಕ್ಕಡೀಲಿ ಇಡ್ತಿದ್ದೀಯ."

ಅತ್ತೆ ಅವತ್ತೆಲ್ಲ ಮುಖ ಊದಿಸಿಕೊಂಡಿದ್ದರು. ಮರುದಿನ ಬೆಳಗ್ಗೆ ಸೊಸೆ ಕಾರು ತೆಗೆಯುವ ಹೊತ್ತಿಗೆ ಮಾತ್ರ ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು, ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಏನು ಮಾಡೋದಮ್ಮ, ಅವನಿಗೆ ವಿಜ್ಞಾನ" ಎಂದು ಹೇಳಿ ಹಿಂದಿನ ಬಲಗಡೆಯ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡರು.

ಅಲ್ಲಿಂದ ಶುರುವಾಯಿತು. ಪರದೆ ಅಕ್ಕ ಎಲ್ಲಿಗೆ ಹೋದರೂ ಹಿಂದೆ ಅತ್ತೆ. ಅವಳು ಏಣಿಯ ಮೇಲೆ ನಿಂತು ಗೋಡೆಗೆ ತೂತು ಕೊರೆಯುವಾಗ ಅತ್ತೆ ಕೆಳಗೆ ಸೋಫಾದಲ್ಲಿ ಕೂತು ಮನೆಯವರ ಕಾಫಿ ಕುಡಿಯುತ್ತಿದ್ದರು. "ನೀವು ಇವರ ಸಹಾಯಕ್ಕೆ ಬರ್ತೀರಾ?" ಎಂದು ಯಾರಾದರೂ ಕೇಳಿದರೆ, "ಇಲ್ಲಮ್ಮ, ನಾನು ಕಾರಿನ ಸಹಾಯಕ್ಕೆ" ಅನ್ನುತ್ತಿದ್ದರು. ಯಾರ ಮನೆಯ ಫ್ಯಾನಿನ ಮೇಲೆ ಧೂಳು, ಯಾರ ಮನೆಯ ಗಂಡ ಹಗಲು ಹೊತ್ತು ಮಲಗಿರುತ್ತಾನೆ, ಯಾರು ಹರಿದ ಸೋಫಾದ ಮೇಲೆ ಹೊಸ ಬಟ್ಟೆ ಹೊದಿಸಿ ಇಟ್ಟಿದ್ದಾರೆ ಎಂಬುದೆಲ್ಲ ಬರುವಾಗ ದಾರಿಯುದ್ದಕ್ಕೂ ವರದಿಯಾಗುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಆಸ್ಪತ್ರೆ, ಮಗಳ ಮನೆ ಬಿಟ್ಟು ಎಲ್ಲಿಗೂ ಹೋಗದಿದ್ದ ಹೆಂಗಸು ಈಗ ಊರಿನ ಅರ್ಧ ಜನರ ಮಲಗುವ ಕೋಣೆಗಳನ್ನು ನೋಡಿ ಮುಗಿಸಿದ್ದರು. ಮುಖದ ಮೇಲೆ ಕಳೆ ಬಂದಿತ್ತು. ಹೊಸ ಚಪ್ಪಲಿ ಬಂದಿತ್ತು.

ಸಂಜೆ ಗಂಡ ಬಂದವನೇ ಕೇಳುತ್ತಿದ್ದ. "ಹೇಗಮ್ಮ? ಇವತ್ತು ನೇರ ಹೋಯ್ತಾ?"

"ಗೆರೆ ಎಳೆದ ಹಾಗೆ" ಅನ್ನುತ್ತಿದ್ದರು ಅತ್ತೆ.

"ನೋಡಿದ್ಯಾ?" ಅವನು ಹೆಂಡತಿಯ ಕಡೆ ತಿರುಗುತ್ತಿದ್ದ.

ಅವಳು ನೋಡುತ್ತಿದ್ದಳು. ಕಾರು ಮೊದಲಿನಷ್ಟೇ ಎಡಕ್ಕೆ ಎಳೆಯುತ್ತಿತ್ತು. ಅವಳು ಮೊದಲಿನಷ್ಟೇ ಬಲಕ್ಕೆ ಎಳೆಯುತ್ತಿದ್ದಳು. ಹಾಗಾಗಿ ಹಿಂದೆ ಕೂತವರಿಗೆ ಗೆರೆ ಎಳೆದ ಹಾಗೆ. ಇದನ್ನು ಯಾರಿಗೆ ಹೇಳುವುದು? ಕಾರು ನೆಟ್ಟಗೆ ಹೋಗುತ್ತಿದೆ ಎಂಬುದಕ್ಕೆ ಸಾಕ್ಷಿ ಇದೆ, ಅದೂ ಗಂಡನ ತಾಯಿಯ ಸಾಕ್ಷಿ. ಅನ್ನ ಹೊತ್ತಿಲ್ಲದಿದ್ದರೆ ಒಲೆಯ ಮುಂದೆ ಯಾರೋ ನಿಂತಿದ್ದರು ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ಇದೂ ಅದೇ ಜಾತಿಯ ಸಂಗತಿ.

ಆ ಹೊತ್ತಿಗೆ ಅವಳಿಗೊಂದು ದೊಡ್ಡ ಕೆಲಸ ಬಂತು. ಊರಿಗೆ ಹೊಸದಾಗಿ ಬರುತ್ತಿದ್ದ ಆಸ್ಪತ್ರೆಯವರು ಹಾಸಿಗೆಗಳ ಸುತ್ತ ಎಳೆಯುವ ಪರದೆಗಳನ್ನು ಅವಳಿಗೆ ಒಪ್ಪಿಸಿದರು. ಅಲ್ಲಿನ ಮೇಲ್ವಿಚಾರಣೆಯ ಹೆಂಗಸು ಖಡಕ್ಕಾಗಿ ಹೇಳಿದ್ದಳು. "ಹೊಲಿಯೋರು ಬೇಕಾದಷ್ಟು ಜನ ಇದ್ದಾರೆ. ನೇತುಹಾಕಿ ಕೊಡೋರು ಬೇಕು. ನಮ್ಮ ಬಾಗಿಲು ತೆಗೆಯೋ ದಿನದೊಳಗೆ ಎಲ್ಲ ಮುಗಿಬೇಕು. ಆಗುತ್ತಾ?"

"ಆಗುತ್ತೆ" ಎಂದು ಹೇಳಿಬಂದ ಮರುದಿನ ಬೆಳಗ್ಗೆ ಪರದೆ ಅಕ್ಕ ಅಟ್ಟದ ಮೇಲಿನ ಡಬ್ಬಿ ತೆಗೆಯಲು ಬಲಗೈ ಎತ್ತಿದಳು. ಭುಜದ ಮಟ್ಟಕ್ಕೆ ಬಂದು ಕೈ ನಿಂತುಬಿಟ್ಟಿತು. ಒಳಗೆ ಯಾರೋ ಬೀಗ ಹಾಕಿದ ಹಾಗೆ. ಇನ್ನೊಂದು ಚೂರು ಎತ್ತಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ಅವಳು ಡಬ್ಬಿಯನ್ನು ಎಡಗೈಯಲ್ಲಿ ಇಳಿಸಿ, ತಿಂಡಿ ಮಾಡಿ, ಪಾತ್ರೆ ತೊಳೆದು, ಆಮೇಲೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಮತ್ತೊಮ್ಮೆ ಎತ್ತಿ ನೋಡಿದಳು. ಅಷ್ಟೇ. ಏಣಿಯ ಮೇಲೆ ನಿಂತು ತಲೆಗಿಂತ ಎತ್ತರದಲ್ಲಿ ಸರಳು ಕೂರಿಸಬೇಕಾದ ಕೈ ಅದು. ಆ ಕೈ ಇಲ್ಲದಿದ್ದರೆ ಅವಳು ಬರೀ ಅಕ್ಕ; ಪರದೆ ಬೇರೆ ಯಾರ ಪಾಲಿಗೋ.

ಡಾಕ್ಟರ ಹತ್ತಿರ ಹೋಗುವಾಗ ಗಂಡನೂ ಬಂದ. ಡಾಕ್ಟರು ಹೆಂಗಸು. ಕೈಯನ್ನು ಅತ್ತ ಇತ್ತ ತಿರುಗಿಸಿ, ಅವಳು ಹಲ್ಲು ಕಚ್ಚುವುದನ್ನು ನೋಡಿ, "ಈ ಕೈಯಲ್ಲಿ ದಿನಾ ಏನೇನು ಮಾಡ್ತೀರಿ?" ಎಂದು ಕೇಳಿದರು.

"ಏನಿಲ್ಲ ಡಾಕ್ಟ್ರೇ, ಮನೇಲೇ ಇರ್ತಾಳೆ" ಎಂದು ಗಂಡ ಹೇಳಿದ. "ಟೈಂಪಾಸಿಗೆ ಸ್ವಲ್ಪ ಪರದೆ ಹೊಲೀತಾಳೆ."

ಡಾಕ್ಟರು ಅವನ ಕಡೆ ನೋಡಲಿಲ್ಲ. "ನೀವು ಹೇಳಿ."

ಅವಳು ಹೇಳಿದಳು. ಗುಡಿಸುವುದು, ಒರೆಸುವುದು, ನೆನೆಸಿದ ಬಟ್ಟೆ ಹಿಂಡುವುದು, ಬಚ್ಚಲಿಗೆ ಬಿಸಿನೀರಿನ ಬಕೆಟ್ಟು ಒಯ್ಯುವುದು, ಹಿಟ್ಟು ನಾದುವುದು, ಸಿಲಿಂಡರು ಉರುಳಿಸುವುದು, ಇಸ್ತ್ರಿ, ಹೊಲಿಗೆ, ಏಣಿ. ಕೊನೆಗೆ, "ಕಾರು ಓಡಿಸೋದು. ಅದು ಎಡಕ್ಕೆ ಎಳೆಯುತ್ತೆ, ನಾನು ಬಲಕ್ಕೆ ಹಿಡ್ಕೊಂಡಿರ್ತೀನಿ."

"ಎಷ್ಟು ಹೊತ್ತು?"

"ಓಡಿಸುವಷ್ಟು ಹೊತ್ತೂ."

"ಅದು ರಸ್ತೆ ಡಾಕ್ಟ್ರೇ" ಎಂದ ಗಂಡ.

ಡಾಕ್ಟರು ಮಾತ್ರೆ ಬರೆದು, ವ್ಯಾಯಾಮ ತೋರಿಸಿ, "ಕೈಗೆ ಬಿಡುವು ಬೇಕು. ಇದರಲ್ಲಿ ಏನಾದ್ರೂ ಬಿಡಲೇಬೇಕು" ಎಂದರು.

ಬಿಡಬೇಕಾದ್ದು ಯಾವುದು ಎಂದು ತೀರ್ಮಾನಿಸಲು ಗಂಡನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಊಟಕ್ಕೆ ಕೂತಾಗ ಹೇಳಿದ. "ಆಸ್ಪತ್ರೆಯವರಿಗೆ ಫೋನ್ ಮಾಡಿ ಆಗಲ್ಲ ಅಂದ್ಬಿಡು. ಪರದೆ ಕೆಲಸ ಸಾಕು. ಆರೋಗ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲ."

"ಗುಡಿಸೋದು, ಒರೆಸೋದು, ಬಕೆಟ್ಟು?"

"ಅದೆಲ್ಲ ಕೆಲಸಾನೇನೇ? ಮನೆ ಅಂದ್ಮೇಲೆ ಇದ್ದಿದ್ದೇ." ಅವನ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಹೆಂಡತಿಯ ಭುಜದ ಮೇಲೆ ಕೈಯಿಟ್ಟ ಕೂಡ, ಅದೇ ಬಲಭುಜದ ಮೇಲೆ. ಅವಳು ಚೀರಿದಳು. "ನೋಡು, ಎಷ್ಟು ನೋವಿದೆ" ಎಂದು ಅವನು ಮರುಗಿದ.

ಅತ್ತೆಗೆ ಅವತ್ತು ಊಟ ಸೇರಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತಾ ಲೆಕ್ಕ ಹಾಕುತ್ತಿದ್ದರು. ಪರದೆ ನಿಂತರೆ ಕಾರು ನಿಲ್ಲುತ್ತದೆ. ಕಾರು ನಿಂತರೆ ಬಲಗಡೆಯ ಸೀಟು ಖಾಲಿ. ಬಲಗಡೆಯ ಸೀಟು ಖಾಲಿಯಾದರೆ ಮತ್ತೆ ಅದೇ ಕುರ್ಚಿ, ಅದೇ ಬಟಾಣಿ.

ಭಾನುವಾರ ಗಂಡನ ಅಕ್ಕನ ಮನೆಗೆ ಹೊರಡುವ ಹೊತ್ತಿಗೆ ಅತ್ತೆ ಹಿಂದಿನ ಬಾಗಿಲ ಹತ್ತಿರ ಹೋಗದೆ ಮುಂದಿನ ಎಡಗಡೆಯ ಬಾಗಿಲು ತೆಗೆದು ಕೂತರು. "ಇವತ್ತು ಅವಳು ಓಡಿಸ್ಲಿ. ಮಗಾ, ನೀನು ಹಿಂದೆ ಕೂತ್ಕೋ."

"ಯಾಕಮ್ಮ?"

"ಬಲಗಡೆ ಕೂತ್ಕೋ. ನೀನು ನನಗಿಂತ ಭಾರ. ನಾನು ಕೂತಾಗಲೇ ಗೆರೆ ಎಳೆದ ಹಾಗೆ ಹೋಗುತ್ತೆ, ನೀನು ಕೂತ್ರೆ ಇನ್ನೂ ಚೆನ್ನಾಗಿ ಹೋಗಬೇಕಲ್ಲ?"

ತನ್ನದೇ ವಿಜ್ಞಾನಕ್ಕೆ ಅವನು ಹೇಗೆ ಇಲ್ಲ ಎನ್ನುತ್ತಾನೆ? ಕೂತ. ಸೀಟು ಕಿರುಗುಟ್ಟಿತು.

ಪೇಟೆ ದಾಟಿದ ಮೇಲೆ ಖಾಲಿ ಮೈದಾನದ ಪಕ್ಕದಲ್ಲಿ ಅಗಲವಾದ ರಸ್ತೆ. ಭಾನುವಾರವಾದ್ದರಿಂದ ಹಿಂದೆ ಮುಂದೆ ಒಂದು ವಾಹನವೂ ಇರಲಿಲ್ಲ. ಅತ್ತೆ ಸೊಸೆಯ ಕೈಯನ್ನೇ ನೋಡುತ್ತಿದ್ದರು.

"ನಿಧಾನ ಮಾಡಮ್ಮ. ನಡುರಸ್ತೆಗೆ ಬಾ. ಹಾಂ. ಈಗ ಕೈ ಬಿಡು."

"ಅತ್ತೆ?"

"ಬಿಡು ಅಂದೆನಲ್ಲ. ಕಾಲು ಬ್ರೇಕಿನ ಮೇಲಿರ್ಲಿ."

ಪರದೆ ಅಕ್ಕ ಎರಡೂ ಕೈಯನ್ನು ಸ್ಟೀರಿಂಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಎಷ್ಟೋ ತಿಂಗಳ ಮೇಲೆ ಬಲಭುಜ ತನ್ನ ಜಾಗದಲ್ಲಿ ಕೂತಿತು. ಕಾರು ಒಂದು ಗಳಿಗೆ ಯೋಚಿಸಿದಂತೆ ಮಾಡಿ, ನಡುರಸ್ತೆಯಿಂದ ಎಡಕ್ಕೆ ಹೊರಳಿ, ಅಂಚು ದಾಟಿ, ಮೈದಾನದ ಹುಲ್ಲಿಗೆ ಇಳಿಯಿತು.

"ಏಯ್! ಹಿಡ್ಕೋ! ಹಿಡ್ಕೊಳ್ಳೇ!" ಹಿಂದಿನಿಂದ ವಿಜ್ಞಾನಿ ಅರಚಿದ.

ಅವಳು ಬ್ರೇಕ್ ಒತ್ತಿದಳು. ಒಂದು ದನ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು.

"ಇಷ್ಟು ದಿನ ಹಿಡ್ಕೊಂಡೇ ಇದ್ದೆ" ಎಂದಳು ಹೆಂಡತಿ.

"ಬೇಕಂತಲೇ ತಿರುಗಿಸಿದೆ ನೀನು!"

"ಹಾಗಾದ್ರೆ ನೀವೇ ಬನ್ನಿ. ನೀವೇ ಓಡಿಸಿ, ನೀವೇ ಕೈ ಬಿಡಿ."

ಅವನು ಬಂದು ಕೂತ. ರಸ್ತೆಗೆ ಹತ್ತಿಸಿದ. ಸ್ವಲ್ಪ ದೂರ ಓಡಿಸಿದ. "ಬಿಡೋ ಈಗ" ಎಂದರು ಅತ್ತೆ. ಅವನು ಬಿಡಲಿಲ್ಲ. ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದುಕೊಂಡು, ಬೆವರುತ್ತಾ, ಅಕ್ಕನ ಮನೆಯವರೆಗೂ ಕಾರನ್ನು ನೆಟ್ಟಗೆ ಓಡಿಸಿದ. ಇಳಿದ ಮೇಲೆ ಯಾರಿಗೂ ಕಾಣದ ಹಾಗೆ ಬಲಗೈಯನ್ನು ಕೊಡವಿಕೊಂಡ. ಇಬ್ಬರಿಗೂ ಕಂಡಿತು.

ಮಾರನೆಯ ದಿನ ಗ್ಯಾರೇಜು. ಗಂಡ ರಜೆ ಹಾಕಿದ. ಹೆಂಗಸರು ಹೋದರೆ ಟೋಪಿ ಹಾಕುತ್ತಾರಂತೆ. ಟೋಪಿಯ ವಿಷಯದಲ್ಲಿ ಅವನಿಗೆ ಅನುಭವವಿತ್ತು. ಅತ್ತೆಯನ್ನು ಯಾರೂ ಕರೆಯಲಿಲ್ಲ. ಆಕೆ ಕಾರಿನಲ್ಲಿ ಮೊದಲೇ ಕೂತಿದ್ದರು.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದು ಗಂಡನನ್ನು ಕೇಳಿದ. "ಬ್ರೇಕ್ ಹಾಕಿದಾಗ ಎಳೆಯುತ್ತಾ ಸಾರ್, ಸುಮ್ನೆ ಹೋಗುವಾಗಲೂ ಎಳೆಯುತ್ತಾ?"

ಗಂಡ ಹೆಂಡತಿಯ ಮುಖ ನೋಡಿದ. "ಸುಮ್ನೆ ಹೋಗುವಾಗಲೂ" ಎಂದಳು ಅವಳು.

"ಸುಮ್ನೆ ಹೋಗುವಾಗಲೂ" ಎಂದು ಗಂಡ ಮೆಕ್ಯಾನಿಕ್‌ಗೆ ತಿಳಿಸಿದ.

"ಸ್ಪೀಡಲ್ಲಿ ಜಾಸ್ತಿನಾ ಸಾರ್?"

"ಒಂದೇ ಥರ" ಎಂದಳು ಅವಳು.

"ಒಂದೇ ಥರ" ಎಂದ ಗಂಡ, ಗಂಭೀರವಾಗಿ ತಲೆದೂಗುತ್ತಾ. ಹೀಗೆ ಪ್ರಶ್ನೆಗಳು ಒಂದು ಕಡೆಯಿಂದ, ಉತ್ತರಗಳು ಇನ್ನೊಂದು ಕಡೆಯಿಂದ, ಅವನ ಮೂಲಕ ಹಾದುಹೋದವು. ಪೈಪಿನಲ್ಲಿ ನೀರು ಹೋದ ಹಾಗೆ.

ಮೆಕ್ಯಾನಿಕ್ ಮುಂದಿನ ಎರಡು ಚಕ್ರಗಳನ್ನು ಅದಲು ಬದಲು ಮಾಡಿ ಒಂದು ಸುತ್ತು ಹೋಗಿ ಬಂದ. "ಟೈರ್ ದೋಷ ಇದ್ರೆ ಈಗ ಬಲಕ್ಕೆ ಎಳೀಬೇಕಿತ್ತು. ಇನ್ನೂ ಎಡಕ್ಕೇ ಎಳೀತಿದೆ. ಟೈರ್ ಅಲ್ಲ." ಆಮೇಲೆ ಕಾರನ್ನು ಮೇಲೆತ್ತಿ ದೀಪ ಹಿಡಿದು ಒಳಗೆ ನುಗ್ಗಿದ. ಸ್ವಲ್ಪ ಹೊತ್ತಿಗೆ ಕರೆದ. ಎಡಗಡೆಯ ಮುಂದಿನ ಚಕ್ರವನ್ನು ಹಿಡಿದುಕೊಂಡಿರುವ ಕಬ್ಬಿಣದ ತೋಳೊಂದು ಬಗ್ಗಿತ್ತು. ಅದರ ಮೇಲೆ ಉಜ್ಜಿದ ಗಾಯದ ಗುರುತಿತ್ತು.

"ಇದು ಬದಲಾಯಿಸಿ ಅಲೈನ್‌ಮೆಂಟ್ ಮಾಡಿದ್ರೆ ಸರಿ ಹೋಗುತ್ತೆ. ಫುಟ್‌ಪಾತಿಗೆ ಜೋರಾಗಿ ಹತ್ತಿಸಿದ್ದೀರ." ಮೆಕ್ಯಾನಿಕ್ ಪರದೆ ಅಕ್ಕನ ಕಡೆ ನೋಡಿ ನಕ್ಕ. "ಮೇಡಂ ಓಡಿಸ್ತಾರಾ ಸಾರ್?"

"ಅವಳೇ ಓಡಿಸೋದು" ಎಂದ ಗಂಡ. ಅವನ ಮುಖ ಅರಳಿತು. ಗೆಳೆಯ ಟೋಪಿ ಹಾಕಿರಲಿಲ್ಲ! ಎಲ್ಲರ ಮಾನವೂ ಉಳಿಯಿತು. "ಹೇಳಿ ಹೇಳಿ ಸಾಕಾಗಿದೆ. ತಿರುವಲ್ಲಿ ನೋಡ್ಕೊಂಡು ತಿರುಗಿಸು ಅಂತ—"

"ಲೋ." ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಯಿಂದ ಅತ್ತೆಯ ದನಿ ಬಂತು. "ಅವತ್ತು ನಾವಿಬ್ಬರೇ ನಿನ್ನ ಅಕ್ಕನ ಮನೆಗೆ ಹೋಗ್ತಿದ್ದಾಗ ಫುಟ್‌ಪಾತ್ ಹತ್ತಿಸಿದ್ಯಲ್ಲ, ಅದೇ ಇರಬೇಕು ನೋಡು."

ಗಂಡ ಕೆಮ್ಮಿದ.

"ಫೋನಲ್ಲಿದ್ದ ಕಣಪ್ಪ" ಎಂದು ಅತ್ತೆ ಮೆಕ್ಯಾನಿಕ್‌ಗೆ ವಿವರಿಸಿದರು. "ಇವನ ಅಕ್ಕನ ಮಗ ಹೊಸದಾಗಿ ಕಾರು ಕಲೀತಿದ್ದ. ಅವನಿಗೆ ತಿರುವಲ್ಲಿ ಹೇಗೆ ತಿರುಗಿಸಬೇಕು ಅಂತ ಹೇಳ್ಕೊಡ್ತಿದ್ದ. ಹೇಳ್ಕೊಡ್ತಾ ಹೇಳ್ಕೊಡ್ತಾ ಧಡಾರ್ ಅಂತ ಹತ್ತಿಸಿದ. ನನ್ನ ಹಲ್ಲಿನ ಸೆಟ್ಟು ಕೆಳಗೆ ಬಿತ್ತು."

ಮೆಕ್ಯಾನಿಕ್ ತಟ್ಟನೆ ಕಾರಿನ ಅಡಿಗೆ ನುಗ್ಗಿದ. ಅಲ್ಲಿಂದ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು. ಆ ಕಾಲುಗಳು ನಗುತ್ತಿದ್ದವು. ಗಂಡ ಯಾರದೋ ಫೋನು ಬಂದವನಂತೆ ಹೊರಗೆ ಹೋದ.

ಬಿಡಿಭಾಗ ತರಿಸುವವರೆಗೆ ಕಾಯಬೇಕಿತ್ತು. ಪರದೆ ಅಕ್ಕ ಅತ್ತೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಮೊದಲು ಬಂದ ನಗು ಆರಿಹೋಗಿ ಒಳಗಿನಿಂದ ಬೇರೆಯದೇ ಏರುತ್ತಿತ್ತು.

"ನಿಮಗೆ ಮೊದಲಿಂದ ಗೊತ್ತಿತ್ತು."

"ಹೇಳಬೇಡ ಅಂದಿದ್ದ. ಮಗ."

"ಹಿಂದೆ ಕೂತು ನನ್ನ ಕೈ ನೋಡ್ತಿದ್ರಿ. ದಿನಾ ನೋಡ್ತಿದ್ರಿ. ಸಂಜೆ ಗೆರೆ ಎಳೆದ ಹಾಗೆ ಹೋಯ್ತು ಅಂತಿದ್ರಿ."

ಅತ್ತೆ ಕೈಚೀಲದ ಹಿಡಿಯನ್ನು ತಿರುವುತ್ತಾ ಕೂತರು. ಅವರ ಮುಖದ ಮೇಲೆ ಪಶ್ಚಾತ್ತಾಪವೇನೂ ಇರಲಿಲ್ಲ. "ಕಾರು ಸರಿ ಇದ್ದಿದ್ರೆ ನನ್ನನ್ನ ಕರ್ಕೊಂಡು ಹೋಗ್ತಿದ್ಯಾ?"

ಪರದೆ ಅಕ್ಕ ಆ ಕೈಚೀಲವನ್ನೇ ನೋಡಿದಳು. ಅತ್ತೆಯನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದು ಇಷ್ಟು ವರ್ಷದಲ್ಲಿ ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಬಿಟ್ಟರೆ. ಕೋಪವೇನೋ ಹೋಗಲಿಲ್ಲ, ಭುಜ ಇನ್ನೂ ನೋಯುತ್ತಿತ್ತು.

"ನನ್ನ ಕೈ ಹೋಗೋದ್ರಲ್ಲಿತ್ತು ಅತ್ತೆ."

"ಅದಕ್ಕೇ ತಾನೇ ಹೇಳಿದ್ದು" ಎಂದರು ಅತ್ತೆ. "ನಿನ್ನ ಕೈ ಹೋದ್ರೆ ನನ್ನ ಕಾಲೂ ಹೋಗುತ್ತೆ."

ಕಾರು ಸಿದ್ಧವಾದಾಗ ಅವಳೇ ಓಡಿಸಿದಳು. ಗೇಟು ದಾಟಿ ದೊಡ್ಡ ರಸ್ತೆಗೆ ಬಂದದ್ದೇ ಕಾರು ಬಲಕ್ಕೆ ಸರಿಯಿತು. ಎದುರಿನಿಂದ ಬರುತ್ತಿದ್ದ ಲಾರಿ ಹಾರ್ನ್ ಹೊಡೆಯಿತು. ಅವಳು ಗಾಬರಿಯಿಂದ ತಿರುಗಿಸಿದಳು. ಮತ್ತೆ ಬಲಕ್ಕೆ.

"ನೋಡಿದ್ರಾ?" ಹಿಂದಿನಿಂದ ಗಂಡ ಜಿಗಿದ. "ಈಗ ಬಲಕ್ಕೆ ಎಳೀತಿದೆ! ನಾನು ಹೇಳ್ಲಿಲ್ವಾ, ಈ ಗ್ಯಾರೇಜಿನವರು—"

ಕಾರು ಎಳೆಯುತ್ತಿರಲಿಲ್ಲ. ಅವಳ ಕೈ ಎಳೆಯುತ್ತಿತ್ತು. ಎಡಕ್ಕೆ ಹೋಗದಿದ್ದ ಕಾರನ್ನು ಅದು ಬಲಕ್ಕೆ ತರುತ್ತಲೇ ಇತ್ತು, ತಪ್ಪು ಇರಲಿ ಇಲ್ಲದಿರಲಿ ತಿದ್ದುವುದೊಂದೇ ಗೊತ್ತಿದ್ದ ಕೈ.

"ಸಡಿಲ ಬಿಡಮ್ಮ" ಎಂದರು ಮುಂದೆ ಎಡಗಡೆಯ ಸೀಟಿನಲ್ಲಿದ್ದ ಅತ್ತೆ. "ಅದೇ ಹೋಗುತ್ತೆ."

ಕೈಯನ್ನು ಸಡಿಲ ಬಿಡುವುದನ್ನು ಕಲಿಯಲು ಮನೆಯವರೆಗಿನ ದಾರಿ ಸಾಲಲಿಲ್ಲ.

ಆಸ್ಪತ್ರೆಗೆ ಅವಳು ಫೋನು ಮಾಡಿದಳು, ಆದರೆ ಗಂಡ ಹೇಳಿದ್ದನ್ನು ಹೇಳಲಿಕ್ಕಲ್ಲ. ಭಾನುವಾರ ಬಂದು ಶುರುಮಾಡುತ್ತೇವೆ ಎಂದು ಹೇಳಲಿಕ್ಕೆ. 'ತ್ತೇವೆ' ಎಂಬುದನ್ನು ಕೇಳಿ ಪತ್ರಿಕೆ ಓದುತ್ತಿದ್ದ ಗಂಡ ತಲೆಯೆತ್ತಿದ.

"ಡಾಕ್ಟ್ರು ಏನಾದ್ರೂ ಬಿಡಬೇಕು ಅಂದ್ರಲ್ಲ" ಎಂದಳು. "ಬಿಟ್ಟಿದ್ದೀನಿ. ಬಕೆಟ್ಟು, ಒರೆಸೋದು, ಸಿಲಿಂಡರು. ಭುಜ ಸರಿಹೋಗೋವರೆಗೂ ಏಣಿ ಕೂಡ. ಹೊಲಿಯೋದು ನಾನು, ಹತ್ತೋದು ನೀವು."

"ಗೋದಾಮಲ್ಲಿ ಎಷ್ಟು ಕೆಲಸ ಇರುತ್ತೆ ಗೊತ್ತಾ ನಿಂಗೆ?"

"ಟೈಂಪಾಸ್ ಅಂದ್ಕೊಳ್ಳಿ."

ಅವನು ತಾಯಿಯ ಕಡೆ ನೋಡಿದ. ಅತ್ತೆ ಹೊಸ ಚಪ್ಪಲಿಯ ಪಟ್ಟಿ ಬಿಗಿ ಮಾಡಿಕೊಳ್ಳುವುದರಲ್ಲಿ ಮುಳುಗಿದ್ದರು. ಫುಟ್‌ಪಾತಿನ ಕತೆ ತನ್ನ ಅಕ್ಕನ ಮನೆಗೆ ಇನ್ನೂ ತಲುಪಿಲ್ಲ ಎಂಬುದು ಅವನಿಗೆ ನೆನಪಾಗಿರಬೇಕು. ಪತ್ರಿಕೆ ಮಡಚಿಟ್ಟ.

ಭಾನುವಾರ ಆಸ್ಪತ್ರೆಯ ಹೊಸ ವಾರ್ಡಿನಲ್ಲಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಖಾಲಿ ಮಂಚಗಳ ನಡುವೆ ಏಣಿ ನಿಂತಿತ್ತು, ಏಣಿಯ ಮೇಲೆ ಗಂಡ. ಎರಡೂ ಕೈ ತಲೆಯ ಮೇಲೆತ್ತಿ ಸರಳು ಕೂರಿಸುತ್ತಿದ್ದ. ಮೊದಲನೆಯದು ಮುಗಿಯುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಎರಡನೆಯದರ ಅರ್ಧದಲ್ಲಿ ಕೈ ಇಳಿಸಿ ಭುಜ ಉಜ್ಜಿಕೊಂಡ.

"ಅಬ್ಬಾ. ಕೈಯೇ ಬಿದ್ದುಹೋಯ್ತು ಕಣೇ."

ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಅತ್ತೆ ಮರುಗಿದರು. "ಅಯ್ಯೋ ಪಾಪ. ಗೋದಾಮಿನ ಕೆಲಸ ಬಿಟ್ಟುಬಿಡೋ ಮಗಾ. ಆರೋಗ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲ."

ಆ ಹೊತ್ತಿಗೆ ನರ್ಸೊಬ್ಬಳು ಹಾದುಹೋಗುತ್ತಾ, ಕೆಳಗೆ ಪರದೆಯ ಗಂಟು ತುಂಬಿ ನಿಂತಿರುವ ಕಾರು ಯಾರದು, ಸ್ವಲ್ಪ ಪಕ್ಕಕ್ಕೆ ತೆಗೀತೀರಾ ಎಂದು ಕೇಳಿದಳು. ಗಂಡನಿಗೆ ಜೀವ ಬಂತು. ಏಣಿಯ ಮೇಲೆ ನಿಂತೇ ಶುರುಮಾಡಿದ. "ನಮ್ಮದೇ. ಮೊನ್ನೆ ನೋಡಿ, ಎಡಕ್ಕೆ ಎಳೀತಿತ್ತು. ಗ್ಯಾರೇಜಿನವನು ಟೈರು ಅಂದ. ನಾನು, ಟೈರಲ್ಲಪ್ಪ, ಕೆಳಗಿನ ತೋಳು ಬಗ್ಗಿರಬೇಕು, ಎತ್ತಿ ನೋಡು ಅಂದೆ. ನಿಮ್ಮ ಕಾರು ಯಾವುದು? ಎಳೆಯುತ್ತಾ?"

ನರ್ಸು ತನಗೆ ಕಾರಿಲ್ಲ ಎಂದು ಹೇಳಿ ಹೋದಳು. ಅವನು ಮಾತಿನ ಹುರುಪಿನಲ್ಲೇ ಸರಳು ಕೂರಿಸಿ, ಪರದೆಯ ಕೊಕ್ಕೆಗಳನ್ನು ಪೋಣಿಸಿ, ಕೆಳಗಿಳಿದು, ಕೈ ಕೊಡವಿ, "ಆಯ್ತು. ಹೇಗಿದೆ?" ಎಂದ.

ಪರದೆ ಅಕ್ಕ ಹಿಂದೆ ಸರಿದು ನೋಡಿದಳು. ಪರದೆಯ ಕೆಳಅಂಚು ಎಡಗಡೆಗೆ ಒಂದು ಬೆರಳಿನಷ್ಟು ಇಳಿದಿತ್ತು. ಅವಳ ಬಲಗೈ ಕೇಳದೆಯೇ ಮೇಲೇರಿತು, ಸರಳಿನ ತುದಿಯನ್ನು ಚೂರು ಎತ್ತಿ ಸರಿಮಾಡಲು. ಭುಜದ ಹತ್ತಿರ ನೋವು ಅದನ್ನು ತಡೆಯಿತು. ಅವಳು ಕೈಯನ್ನು ಇಳಿಸಿಕೊಂಡು ಎಡಗೈಯಿಂದ ಅದನ್ನು ಹಿಡಿದು ನಿಂತಳು.

"ಎಡಕ್ಕೆ ವಾಲಿದೆ" ಎಂದಳು. "ಬಿಚ್ಚಿ, ಮತ್ತೆ ಹಾಕಿ."

"ಅದು ನೆಲ ವಾಲಿರೋದು" ಎಂದ ಗಂಡ.

ಅತ್ತೆ ಏಣಿಯ ಕಡೆ ಕೈ ತೋರಿಸಿದರು. ಅವನು ನೆಲವನ್ನೂ ಹೆಂಡತಿಯನ್ನೂ ನೋಡಿ, ಮತ್ತೆ ಏಣಿ ಹತ್ತಿದ.